ಗಡಿನಾಡಿನ ಹೊಲದಲ್ಲಿ ಶ್ರೀಗಂಧ: ಬೇಸಾಯ ಮತ್ತು ಕಾನೂನು

ಶ್ರೀಗಂಧವು ಅರೆಪರಾವಲಂಬಿ ಮರ. ಎಲೆಗಳಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ ನೀರು ಮತ್ತು ಲವಣಗಳಿಗಾಗಿ ಅದು ನೆರೆಯ ಗಿಡಗಳ ಬೇರುಗಳಿಗೆ ತನ್ನ ಬೇರನ್ನು ಅಂಟಿಸಿ ಹೀರುತ್ತದೆ. ಇದನ್ನರಿಯದೆ ಬರಿಯ ಹೊಲದಲ್ಲಿ ನೆಟ್ಟ ಸಸಿಗಳು ಹಳದಿಗಟ್ಟಿ ಸೊರಗುತ್ತವೆ. ನೀರು ಬಸಿದುಹೋಗುವ ಕೆಂಪು ಮಣ್ಣಿನ ಇಳಿಜಾರು ಇದಕ್ಕೆ ಒಗ್ಗುತ್ತದೆ. ನೀರು ನಿಲ್ಲುವ ಜಾಗ ಸಲ್ಲದು.

ಮರವು ವರ್ಷಕ್ಕೆ ಎರಡು ಬಾರಿ ಹಣ್ಣು ಬಿಡುತ್ತದೆ. ಕಪ್ಪಾಗಿ ಮಾಗಿದ ಹಣ್ಣಿನ ತಿರುಳನ್ನು ತೊಳೆದು ತೆಗೆದು ಬೀಜವನ್ನು ನೆರಳಲ್ಲಿ ಒಣಗಿಸಬೇಕು. ಹೊಸ ಬೀಜ ಸುಮಾರು ಎರಡು ತಿಂಗಳು ಸುಪ್ತಾವಸ್ಥೆಯಲ್ಲಿರುವುದರಿಂದ ಕೂಡಲೇ ಮೊಳೆಯದು. ಮೊಳೆತ ಸಸಿಯನ್ನು ಚೀಲಕ್ಕೆ ವರ್ಗಾಯಿಸುವಾಗ ಜೊತೆಗೆ ತೊಗರಿಯನ್ನೂ ಬೆಳೆಸುವುದು ರೂಢಿ. ತೊಗರಿ ಮೇಲೇರಿ ಗಂಧದ ಸಸಿಯನ್ನು ಮುಚ್ಚದಂತೆ ಆಗಾಗ ಕತ್ತರಿಸುತ್ತಿರಬೇಕು. ಸಸಿ ಒಂದಡಿ ಎತ್ತರವಾದ ಮೇಲೆ ಮುಂಗಾರಿನಲ್ಲಿ ನೆಟ್ಟು, ಬಳಿಯಲ್ಲಿ ಹೊಂಗೆ, ಸರ್ವೆ, ನೆಲ್ಲಿಯಂಥ ದೀರ್ಘಕಾಲ ಬಾಳುವ ಆಸರೆ ಗಿಡಗಳನ್ನು ಇಡಬೇಕು. ತೊಗರಿಯೊಂದನ್ನೇ ನಂಬಿದವರ ತೋಟ ಅದು ಒಣಗಿದ ಮೇಲೆ ಕಂಗೆಡುತ್ತದೆ.

ಗಂಧವಿರುವುದು ಒಳಗಿನ ಚೇಗಿನಲ್ಲಿ. ಹೊರಗಿನ ಬಿಳಿಯ ಭಾಗಕ್ಕೆ ವಾಸನೆಯಿಲ್ಲ. ಚೇಗು ಕಟ್ಟಲಾರಂಭಿಸಲು ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕು, ಬಲಿಯಲು ಇನ್ನಷ್ಟು. ನೀರು, ಗೊಬ್ಬರ ಸುರಿದರೆ ಕಾಂಡ ದಪ್ಪವಾದೀತು, ಆದರೆ ಚೇಗು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಎಕರೆಗೆ ಕೋಟಿಗಳ ಲೆಕ್ಕ ಹೇಳುವ ಜಾಹೀರಾತುಗಳು ಈ ಮಾತನ್ನು ಎತ್ತುವುದೇ ಇಲ್ಲ. ಬೇರಿನಲ್ಲಿಯೂ ಹೇರಳವಾಗಿ ಎಣ್ಣೆಯಿರುವುದರಿಂದ ಮರವನ್ನು ಬುಡಸಮೇತ ಕೀಳುತ್ತಾರೆ. ಎಲೆಗಳು ಕಿರಿದಾಗಿ, ರೆಂಬೆಯ ತುದಿಯಲ್ಲಿ ಮುಳ್ಳಿನಂತೆ ನಿಮಿರಿ ನಿಂತರೆ ಅದು ಸ್ಪೈಕ್ ರೋಗ. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಈ ರೋಗಕ್ಕೆ ಇನ್ನೂ ಖಚಿತ ಮದ್ದಿಲ್ಲ. ರಸ ಹೀರುವ ಕೀಟಗಳ ಮೂಲಕ ಹರಡುವುದರಿಂದ ರೋಗಗ್ರಸ್ತ ಮರವನ್ನು ತೆಗೆದುಹಾಕುವುದೇ ಉಳಿದ ದಾರಿ.

ಗಡಿಯಾಚೆಯ ಕನ್ನಡ ರೈತರು ಎಡವುವುದು ಬಹುತೇಕ ಕಾನೂನಿನಲ್ಲಿ. ಅವರ ಕೈಗೆ ಸಿಗುವ ಕನ್ನಡ ಕೈಪಿಡಿಗಳೆಲ್ಲ ಕರ್ನಾಟಕದವು. ಅಲ್ಲಿ 2001ರ ತಿದ್ದುಪಡಿ ಬೆಳೆದವನನ್ನೇ ಮರದ ಒಡೆಯನನ್ನಾಗಿಸಿತು. ತಾಳವಾಡಿ, ಹೊಸೂರಿನವರಿಗೆ ಅನ್ವಯಿಸುವುದು ತಮಿಳುನಾಡಿನ ಕಾನೂನು. ಅಲ್ಲಿಯೂ 2002ರಲ್ಲಿ ಒಡೆತನ ದೊರೆಯಿತಾದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಸಾಗಿಸುವಂತಿಲ್ಲ. ಕಾಸರಗೋಡು, ವಯನಾಡಿನವರು ತಮ್ಮ ಭೂಮಿಯ ಪಟ್ಟೆ ಯಾವ ಬಗೆಯದೆಂಬುದನ್ನು ಮೊದಲು ನೋಡಬೇಕು. ಸರಕಾರ ಹಂಚಿದ ಭೂಮಿಯಲ್ಲಿ ಮರದ ಹಕ್ಕಿನ ಷರತ್ತುಗಳೇ ಬೇರೆ. ತನ್ನದೇ ಮರವನ್ನು ಗಡಿ ದಾಟಿಸಿ ಚಾಮರಾಜನಗರದಲ್ಲಿ ಮಾರಬಹುದೆಂದು ಭಾವಿಸುವ ರೈತನು ಕಳ್ಳಸಾಗಣೆಯ ಮೊಕದ್ದಮೆಗೆ ಸಿಲುಕಬಹುದು.

ಆದುದರಿಂದ ನೆಟ್ಟ ವರ್ಷವೇ ಗ್ರಾಮದ ಕಂದಾಯ ದಾಖಲೆಯಲ್ಲಿ, ತಮಿಳುನಾಡಿನಲ್ಲಾದರೆ ಅಡಂಗಲ್‌ನಲ್ಲಿ, ಮರಗಳ ಸಂಖ್ಯೆಯನ್ನು ನಮೂದಿಸಿಕೊಳ್ಳುವುದು ಲೇಸು. ನಮೂದಿಸಲು ನಿರಾಕರಿಸಿದರೆ, ಅಥವಾ ಮರ ಕಳವಾದಾಗ ದೂರನ್ನು ಕಡೆಗಣಿಸಿದರೆ, ಕುಂದುಕೊರತೆಯ ಮನವಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಇಂಥ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನೀಡಿದೆ. ಮನವಿಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಭೂದಾಖಲೆಗಳ ಜೊತೆಯಲ್ಲಿಯೇ ಇಟ್ಟುಕೊಳ್ಳಬೇಕು.