ತಬ್ಬಲಿ ಬೇರೆ, ಅನಾಥ ಬೇರೆ

ಬಸ್ ನಿಲ್ದಾಣದಲ್ಲಿ ಯಾರೋ ಬಿಟ್ಟುಹೋದ ಬ್ಯಾಗ್ ಕಂಡರೆ ಕನ್ನಡ ಪತ್ರಿಕೆಗಳು ‘ಅನಾಥ ಬ್ಯಾಗ್’ ಎಂದು ಬರೆಯುತ್ತವೆ. ವಾರಸುದಾರರು ಬಾರದ ದೇಹ ‘ಅನಾಥ ಶವ’. ಎರಡು ಕಡೆಯೂ ಹೆತ್ತವರ ಮಾತಿಲ್ಲ. ನಾಥ ಎಂದರೆ ಒಡೆಯ, ಕಾಯುವವನು, ಅವನಿಲ್ಲದ್ದು ಅನಾಥ. ತಬ್ಬಲಿ ಹಾಗಲ್ಲ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರಿಗೆ ಆ ಪದ ಕಿವಿಗೆ ಬಿದ್ದರೆ ಸಾಕು, ತಾಯಿಯನ್ನು ಕಳೆದುಕೊಳ್ಳಲಿರುವ ಕರು ಕಣ್ಣೆದುರು ನಿಲ್ಲುತ್ತದೆ. ಬ್ಯಾಗನ್ನು ಯಾರೂ ತಬ್ಬಲಿ ಎನ್ನುವುದಿಲ್ಲ.

ಇಂಗ್ಲಿಷಿನ ‘ಆರ್ಫನ್’ ಈ ಎರಡೂ ಹೊರೆಯನ್ನು ಒಂದೇ ಹೆಗಲ ಮೇಲೆ ಹೊತ್ತಿದೆ. ಗ್ರೀಕ್ ಭಾಷೆಯ ‘ಆರ್ಫನೋಸ್’ನಿಂದ ಬಂದ ಈ ಪದಕ್ಕೂ ಸಂಸ್ಕೃತದ ‘ಅರ್ಭ’, ‘ಅರ್ಭಕ’ಗಳಿಗೂ ಭಾಷಾವಿಜ್ಞಾನಿಗಳು ಒಂದೇ ಬೇರು ಕಾಣುತ್ತಾರೆ. ಕಾರೆಲ್ ಚಾಪೆಕ್ 1920ರ ನಾಟಕದಲ್ಲಿ ಬಳಸಿದ ‘ರೋಬಾಟ್’ ಕೂಡ ಅದೇ ಬೇರಿನ ದೂರದ ನೆಂಟ. ಪದ ಮುಂದೆ ಎಲ್ಲೆಲ್ಲೋ ಅಲೆಯಿತು. ಪುಟದ ತುದಿಯಲ್ಲಿ ಒಂಟಿಯಾಗಿ ಉಳಿದ ಸಾಲು ಅಚ್ಚಿನವರಿಗೆ ಆರ್ಫನ್. ಲಾಭವಿಲ್ಲವೆಂದು ಕಂಪನಿಗಳು ಕೈಬಿಡುತ್ತಿದ್ದ ಅಪರೂಪದ ಕಾಯಿಲೆಗಳ ಔಷಧ ಆರ್ಫನ್. ಅದಕ್ಕಾಗಿ ಅಮೆರಿಕ 1983ರಲ್ಲಿ ಕಾನೂನನ್ನೇ ಮಾಡಿತು. ಯುನಿಕ್ಸ್‌ನಲ್ಲಿ ಹುಟ್ಟಿಸಿದ ಪ್ರಾಸೆಸ್ ಸತ್ತು ಮರಿ ಉಳಿದರೆ ಆ ಮರಿಯೂ ಆರ್ಫನ್. ಅದನ್ನು ಸಾಮಾನ್ಯವಾಗಿ ಒಂದನೇ ನಂಬರಿನ ಪ್ರಾಸೆಸ್ ಮಡಿಲಿಗೆ ಹಾಕಿಕೊಳ್ಳುತ್ತದೆ.

ಲಿನಕ್ಸ್ ಬಳಸುವವರು ಈ ಪದವನ್ನು ಎದುರುಗೊಳ್ಳುವುದು ಹೆಚ್ಚಾಗಿ ಪ್ಯಾಕೇಜುಗಳ ಪಟ್ಟಿಯಲ್ಲಿ. ವಿಡಿಯೋ ಎಡಿಟರ್ ಹಾಕಿಸಿದರೆ ಅದು ತನಗೆ ಬೇಕಾದ ಹತ್ತಾರು ಲೈಬ್ರರಿಗಳನ್ನು ಜೊತೆಗೆ ಎಳೆದುಕೊಂಡು ಬರುತ್ತದೆ. ಆರು ತಿಂಗಳಾದ ಮೇಲೆ ಎಡಿಟರನ್ನು ತೆಗೆದರೂ ಬಳಗ ಅಲ್ಲೇ ಕುಳಿತಿರುತ್ತದೆ. ಆಗ ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಆಪ್ಟ್ ಹೇಳುತ್ತದೆ: ಇವು ತಾವಾಗಿ ಬಂದವು, ಈಗ ಬೇಕಿಲ್ಲ, ‘ಆಟೋರಿಮೂವ್’ ಮಾಡಿ. ಆರ್ಚ್‌ನಲ್ಲಿ ಪ್ಯಾಕ್‌ಮನ್ ‘-ಕ್ಯೂಡಿಟಿ’ ಎಂದರೆ ಅಂಥದ್ದೇ ಪಟ್ಟಿ ಬರುತ್ತದೆ. ತೆಗೆಯಬೇಕೋ ಬಿಡಬೇಕೋ?

ಇದನ್ನು ನಿರ್ಧರಿಸಲು ಯಂತ್ರಕ್ಕೆ ಗೊತ್ತಿರುವುದು ಎಷ್ಟು ಎಂಬುದನ್ನು ಮೊದಲು ನೋಡಬೇಕು. ಬಹಳ ಕಡಿಮೆ. ಪ್ರತಿ ಪ್ಯಾಕೇಜಿನ ಮುಂದೆ ಒಂದು ಗುರುತಿರುತ್ತದೆ: ಮನುಷ್ಯ ಕೇಳಿ ಹಾಕಿಸಿದ್ದು, ಅಥವಾ ಇನ್ನೊಂದು ಪ್ಯಾಕೇಜಿಗಾಗಿ ಬಂದದ್ದು. ಎರಡನೆಯ ಗುರುತಿದ್ದು, ಉಳಿದ ಪ್ಯಾಕೇಜುಗಳಲ್ಲಿ ಒಂದೂ ಅದನ್ನು ಬೇಡದಿದ್ದರೆ ಮುಗಿಯಿತು, ಆರ್ಫನ್. ಕನ್ನಡದಲ್ಲಿ ‘ಹೇಳುವವರು ಕೇಳುವವರು ಇಲ್ಲ’ ಅನ್ನುತ್ತೇವಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ಆದರೆ ಕೇಳುವವರ ಲೆಕ್ಕದಲ್ಲಿ ಪ್ಯಾಕೇಜುಗಳು ಮಾತ್ರ ಇವೆ, ಕೀಲಿಮಣೆಯ ಮುಂದೆ ಕುಳಿತವರು ಇಲ್ಲ. ಎಡಿಟರ್ ಜೊತೆ ಬಂದ ಎಫ್‌ಎಫ್‌ಎಂಪೆಗ್‌ನಿಂದ ಒಬ್ಬರು ದಿನವೂ ಆಡಿಯೋ ಕತ್ತರಿಸುತ್ತಿರಬಹುದು. ಅವರೇ ಬರೆದ ಸ್ಕ್ರಿಪ್ಟಿನೊಳಗೆ ಇಣುಕಿ ನೋಡಲು ಆಪ್ಟ್‌ಗೆ ಬರುವುದಿಲ್ಲ.

ಹಾಗಾಗಿ ಇಂಥ ಪ್ಯಾಕೇಜಿಗೆ ಸಲ್ಲುವ ಹೆಸರು ತಬ್ಬಲಿ. ಕರೆತಂದ ತಾಯಿ ಹೋಗಿದೆ, ಅಷ್ಟೇ. ಅದು ಅನಾಥವೋ ಅಲ್ಲವೋ ಎಂಬುದನ್ನು ಹೇಳಬೇಕಾದವರು ಬಳಸುವವರು.

ಕನ್ನಡದ ಫಾಂಟುಗಳನ್ನೇ ನೋಡಿ. ಡೆಬಿಯನ್‌ನಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಒಂದು ಗಂಟಿದೆ. ಅದರಲ್ಲಿ ಸ್ವಂತದ್ದೊಂದು ಅಕ್ಷರವೂ ಇಲ್ಲ. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳನ್ನು ಕರೆತರುವುದಷ್ಟೇ ಅದರ ಕೆಲಸ. ‘ಖಾಲಿ ಪ್ಯಾಕೇಜ್ ಯಾಕೆ’ ಎಂದು ಯಾರಾದರೂ ಆ ಗಂಟನ್ನು ತೆಗೆದರೆ ಗುಬ್ಬಿಯೂ ನವಿಲೂ ತಬ್ಬಲಿಗಳ ಪಟ್ಟಿಗೆ ಬರಬಹುದು. ಮದುವೆಯ ಕರೆಯೋಲೆಯನ್ನು ನವಿಲಿನಲ್ಲಿ ಜೋಡಿಸಿಟ್ಟ ಫೈಲು ಹೋಮ್ ಫೋಲ್ಡರಿನಲ್ಲಿದೆ ಎಂಬುದು ಯಂತ್ರಕ್ಕೆ ಲೆಕ್ಕಕ್ಕಿಲ್ಲ. ಫಾಂಟು ಹೋದ ಮೇಲೆ ಕಡತ ತೆರೆದರೆ ಅಕ್ಷರದ ರೂಪವೇ ಬೇರೆ. ಬೇರೆ ಕನ್ನಡ ಫಾಂಟೇ ಇಲ್ಲದಿದ್ದರೆ ಬರೀ ಚೌಕಗಳ ಸಾಲು. ಪರಿಹಾರ ಒಂದೇ ಸಾಲಿನದು: ‘ಆಪ್ಟ್-ಮಾರ್ಕ್ ಮ್ಯಾನ್ಯುಯಲ್’ ಎಂದು ಬರೆದು ಫಾಂಟಿನ ಹೆಸರು ಕೊಟ್ಟರೆ ಗುರುತು ಬದಲಾಗುತ್ತದೆ. ಪ್ಯಾಕ್‌ಮನ್‌ನಲ್ಲಿ ಅದೇ ಕೆಲಸಕ್ಕೆ ‘-ಡಿ --ಆಸ್‌ಎಕ್ಸ್‌ಪ್ಲಿಸಿಟ್’. ಆ ಒಂದು ಸಾಲಿನಿಂದ ಬಳಸುವವರು ಅದಕ್ಕೆ ನಾಥರಾಗುತ್ತಾರೆ.

ಹಾಗಂತ ಎಲ್ಲವನ್ನೂ ಕೂಡಿಹಾಕುವುದೂ ಸರಿಯಲ್ಲ. ‘ಲಿಬ್’ ಎಂದು ಶುರುವಾಗುವ ಹಳೆಯ ಲೈಬ್ರರಿಗಳು ಹೊಸ ಆವೃತ್ತಿ ಬಂದಾಗ ಭಂಡಾರದಿಂದಲೇ ಮರೆಯಾಗುತ್ತವೆ, ಆಮೇಲೆ ಅವುಗಳ ಭದ್ರತಾ ಲೋಪವನ್ನು ಯಾರೂ ತಿದ್ದುವುದಿಲ್ಲ. ಅವನ್ನು ತೆಗೆಯುವುದೇ ಮೇಲು. ಹಳೆಯ ಕರ್ನಲ್‌ಗಳು ಬೂಟ್ ಪಾರ್ಟಿಷನ್ ತುಂಬಿಸಿ ಮುಂದಿನ ಅಪ್‌ಡೇಟನ್ನೇ ತಡೆಯುತ್ತವೆ, ಅವೂ ಹೋಗಲಿ. ಆದರೆ ಒಂದು ಸಣ್ಣ ಪ್ರೋಗ್ರಾಂ ತೆಗೆದದ್ದಕ್ಕೆ ನೂರಿನ್ನೂರು ಹೆಸರುಗಳ ಪಟ್ಟಿ ಎದುರಿಗೆ ಬಂದರೆ ಅಲ್ಲೇ ಕೈ ನಿಲ್ಲಿಸಬೇಕು. ಡೆಸ್ಕ್‌ಟಾಪನ್ನು ಹಿಡಿದಿಟ್ಟಿದ್ದ ಗಂಟೇ ಬಿಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು.

ಇನ್ನು ನಿಜವಾದ ಅನಾಥ ಪ್ಯಾಕೇಜುಗಳಿವೆ. ಅವು ಇರುವುದು ಬೇರೆ ಪಟ್ಟಿಯಲ್ಲಿ. ಪ್ಯಾಕೇಜನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರು ಕೈಬಿಟ್ಟರೆ ಡೆಬಿಯನ್ ಅದಕ್ಕೂ ಆರ್ಫನ್ ಎಂದೇ ಹೆಸರಿಡುತ್ತದೆ, ಹೊಸಬರು ಮುಂದೆ ಬಂದರೆ ಅದು ‘ದತ್ತು’. ಫೆಡೋರಾದಲ್ಲಿ ಆರು ವಾರ ಯಾರೂ ಎತ್ತಿಕೊಳ್ಳದಿದ್ದರೆ ಪ್ಯಾಕೇಜಿಗೆ ನಿವೃತ್ತಿ. ಇಂಥ ಪ್ಯಾಕೇಜು ಯಂತ್ರದಲ್ಲಿ ದಿನವೂ ಓಡುತ್ತಿರಬಹುದು, ಹತ್ತು ಪ್ಯಾಕೇಜುಗಳು ಅದನ್ನು ನೆಚ್ಚಿರಬಹುದು. ಆಟೋರಿಮೂವ್ ಅದನ್ನು ತೋರಿಸುವುದೇ ಇಲ್ಲ. ತಬ್ಬಲಿಯಲ್ಲ, ಅನಾಥ.

ಅನಾಥಕ್ಕೆ ಒದಗುವ ಅಪಾಯವೂ ಬೇರೆ. ಆರ್ಚ್ ಬಳಕೆದಾರರೇ ನಡೆಸುವ ಎಯುಆರ್ ಭಂಡಾರದಲ್ಲಿ ‘ಅಕ್ರೋರೀಡ್’ ಎಂಬ ಪಿಡಿಎಫ್ ಓದುವ ಪ್ಯಾಕೇಜು ನೋಡುವವರಿಲ್ಲದೆ ಬಿದ್ದಿತ್ತು. 2018ರ ಜುಲೈನಲ್ಲಿ ಒಂದು ಖಾತೆ ಅದನ್ನು ದತ್ತು ಪಡೆದು, ಹೊರಗಿನಿಂದ ಸ್ಕ್ರಿಪ್ಟ್ ಇಳಿಸಿ ಓಡಿಸುವ ಸಾಲುಗಳನ್ನು ಒಳಗೆ ಸೇರಿಸಿತು. ಬೇಗನೆ ಪತ್ತೆಯಾಯಿತು, ಸಾಲುಗಳನ್ನು ಅಳಿಸಲಾಯಿತು, ಖಾತೆ ಅಮಾನತಾಯಿತು.

ಆದ್ದರಿಂದ ಮುಂದಿನ ಸಲ ಪಟ್ಟಿ ಬಂದಾಗ ‘ವೈ’ ಒತ್ತುವ ಮೊದಲು ಒಂದೊಂದು ಹೆಸರನ್ನೂ ಓದಿ, ಪರಿಚಯದ್ದು ಕಂಡರೆ ಗುರುತು ಬದಲಿಸಿ ಉಳಿಸಿಕೊಳ್ಳಿ. ಡೆಬಿಯನ್ ಬಳಸುವವರಾದರೆ ಡೆವ್‌ಸ್ಕ್ರಿಪ್ಟ್ಸ್ ಎಂಬ ಪ್ಯಾಕೇಜಿನಲ್ಲಿರುವ ‘ಡಬ್ಲ್ಯುಎನ್‌ಪಿಪಿ-ಅಲರ್ಟ್’ ಅನ್ನೂ ಒಮ್ಮೆ ಓಡಿಸಿ. ನಿಮ್ಮ ಯಂತ್ರದಲ್ಲಿರುವ ಯಾವ ಯಾವ ಪ್ಯಾಕೇಜುಗಳು ನೋಡಿಕೊಳ್ಳುವವರಿಗಾಗಿ ಕಾಯುತ್ತಿವೆ ಎಂದು ಅದು ಹೆಸರು ಹಿಡಿದು ಹೇಳುತ್ತದೆ.