ಚಿನ್ನದ ಗಣಿಯ ಬೇಡಿಕೆ, ಕಾವೇರಿಯ ಪೂರೈಕೆ

ಬೇಡಿಕೆ ಇಳಿದಾಗ ಮಾಲೂರಿನ ಹೆಂಚನ್ನು ಅಂಗಳದಲ್ಲಿ ಪೇರಿಸಿಡಬಹುದು. ಶ್ರೀನಿವಾಸಪುರದ ಮಾವಿನಹಣ್ಣನ್ನು ಕೆಲವು ದಿನ ಮಾತ್ರ ಇಡಬಹುದು. ವಿದ್ಯುತ್ತಿನ ವಿಷಯ ಹೀಗಲ್ಲ. ಗಿರಾಕಿ ಬಳಸುವ ಕ್ಷಣದಲ್ಲೇ ಅದನ್ನು ಉತ್ಪಾದಿಸಬೇಕು. ಹಾಗಾದರೆ ಗಿರಾಕಿಯ ಬೇಡಿಕೆ ಬದಲಾದಾಗ ಉತ್ಪಾದಕನು ಮಾಡುವುದೇನು? ಇದಕ್ಕೆ ಉತ್ತಮ ಉದಾಹರಣೆ ಕೋಲಾರ ಚಿನ್ನದ ಗಣಿಗಳ ಚರಿತ್ರೆಯಲ್ಲಿದೆ.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಸಾಗಿ ಗಣಿಗಳನ್ನು ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಗೆ ಗಣಿಗಳೇ ಮೊದಲ ಗಿರಾಕಿ. ಆರಂಭದಲ್ಲಿ ತಲಾ 720 ಕಿಲೋವಾಟ್‌ನ ಆರು ಉತ್ಪಾದಕಗಳಿದ್ದವು. ಅಂದರೆ ಒಟ್ಟು 4,320 ಕಿಲೋವಾಟ್.

ಆದರೆ ಬೇಡಿಕೆ ಅಲ್ಲಿಗೇ ನಿಲ್ಲಲಿಲ್ಲ. ಗಣಿಗಳು ಇನ್ನಷ್ಟು ಶಕ್ತಿ ಕೇಳಿದವು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂದಿತು. ಹೊಸ ಯಂತ್ರಗಳನ್ನೇನೋ ತರಿಸಬಹುದು, ನೀರನ್ನು ತರಿಸಲಾದೀತೇ?

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸೆಕೆಂಡಿಗೆ ಒಂದು ಘನಮೀಟರ್ ನೀರು ಸುಮಾರು 120 ಮೀಟರ್ ಕೆಳಗೆ ಬಿದ್ದರೆ ದೊರೆಯುವ ಸಾಮರ್ಥ್ಯ:

1,000 × 9.8 × 120 = 11,76,000 ವಾಟ್

ಇದರಲ್ಲಿ ಶೇಕಡ 70ರಷ್ಟು ವಿದ್ಯುತ್ತಾಗುತ್ತದೆಂದರೂ ಮೊದಲ ಆರು ಯಂತ್ರಗಳು ಪೂರ್ಣವಾಗಿ ನಡೆಯಲು ಸೆಕೆಂಡಿಗೆ ಸುಮಾರು 5.2 ಘನಮೀಟರ್, ಅಂದರೆ 185 ಕ್ಯೂಸೆಕ್ ನೀರು ಬೇಕು. ಯಂತ್ರಗಳು ಇಮ್ಮಡಿಯಾದರೆ ನೀರೂ ಇಮ್ಮಡಿ. ಮಳೆಗಾಲದಲ್ಲಿ ಇದು ಕಷ್ಟವಲ್ಲ. ಬೇಸಿಗೆಯಲ್ಲಿ ಕಾವೇರಿಯ ಹರಿವು ತೀರ ಕುಗ್ಗುತ್ತಿತ್ತು. ಅದಿರನ್ನು ಪುಡಿಮಾಡುವ ಗಿರಣಿಗಳು ಮಾತ್ರ ಹಗಲಿರುಳೂ ನಡೆಯಬೇಕಿತ್ತು. ಹೀಗೆ ಯಂತ್ರಗಳನ್ನು ಹೆಚ್ಚಿಸಿದಷ್ಟೂ ಬೇಸಿಗೆಯ ಪೂರೈಕೆ ಹೆಚ್ಚು ಅನಿಶ್ಚಿತವಾಯಿತು.

ವಿದ್ಯುತ್ತನ್ನು ದಾಸ್ತಾನು ಮಾಡಲಾಗದಿದ್ದರೆ ಅದರ ಕಚ್ಚಾವಸ್ತುವನ್ನು ದಾಸ್ತಾನು ಮಾಡಬೇಕು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದ ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಜಲಾಶಯವನ್ನು ಯೋಜಿಸಿದ್ದಕ್ಕೆ ನೀರಾವರಿಯ ಜೊತೆಗೆ ಇದೂ ಒಂದು ಮುಖ್ಯ ಕಾರಣ. 1911ರಲ್ಲಿ ಕೆಲಸ ಆರಂಭವಾಯಿತು. ಮದರಾಸು ಸರ್ಕಾರ ಮೊದಲಿಗೆ ಒಪ್ಪಿದ್ದು 11 ಟಿ.ಎಂ.ಸಿ. ಸಂಗ್ರಹಕ್ಕೆ ಮಾತ್ರ. ಆದರೂ ಮುಂದಿನ ಬೇಡಿಕೆಯನ್ನು ಎಣಿಸಿ ದೊಡ್ಡ ಅಣೆಕಟ್ಟಿಗೆ ತಕ್ಕ ಅಗಲದ ತಳಪಾಯವನ್ನೇ ಹಾಕಲಾಯಿತು. ಇದರಿಂದ ವಿವಾದ ಬೆಳೆದು, 1924ರ ಒಪ್ಪಂದದವರೆಗೂ ನಡೆಯಿತು. ಶಿವನಸಮುದ್ರದಲ್ಲಿ ವಿದ್ಯುತ್ತಿಗಾಗಿ ಕನಿಷ್ಠ 900 ಕ್ಯೂಸೆಕ್ ಹರಿವಿರಬೇಕೆಂಬುದು ಗೊತ್ತಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗಿರಾಕಿಯ ಬೇಡಿಕೆ ಒಂದು ಪತ್ರದಿಂದ ಬದಲಾಗುತ್ತದೆ. ಯಂತ್ರ ಬರಲು ತಿಂಗಳುಗಳು ಬೇಕು, ಅಣೆಕಟ್ಟಿಗೆ ವರ್ಷಗಳೇ ಬೇಕು. ಈ ಅಂತರವನ್ನು ತುಂಬಲು ದಾಸ್ತಾನು ಬೇಕು, ದಾಸ್ತಾನಿಗೆ ಬೆಲೆಯೂ ಇದೆ. ಆ ಬೆಲೆಯನ್ನು ಇಲ್ಲಿ ಗಣಿಗಳಷ್ಟೇ ತೆರಲಿಲ್ಲ. ಹಳೆಯ ಕನ್ನಂಬಾಡಿ ನೀರಿನಡಿ ಮುಳುಗಿತು.

2001ರ ಫೆಬ್ರವರಿ 28ರಂದು ಗಣಿಗಳೇ ಮುಚ್ಚಿದವು. ಮೊದಲ ಗಿರಾಕಿ ಹೋದರೂ ಜಲಾಶಯ ಉಳಿದಿದೆ. ಕೋಲಾರ, ಮುಳಬಾಗಿಲಿನ ನಿಮ್ಮ ಶಾಲೆಯಲ್ಲಿ ಸ್ವಿಚ್ ಒತ್ತಿದಾಗ ನೀವೂ ಒಂದು ಬೇಡಿಕೆ ಸಲ್ಲಿಸುತ್ತೀರಿ. ಅದನ್ನು ಪೂರೈಸಲು ಎಲ್ಲೋ ಯಾರೋ ಮೊದಲೇ ಲೆಕ್ಕ ಹಾಕಿರುತ್ತಾರೆ ಎಂಬುದನ್ನು ನೆನಪಿಡಿ.