ಮಿದುಳಿನ ವಿದ್ಯುಲ್ಲೇಖ

ಜರ್ಮನಿಯ ಕವಿ ಫ್ರೀಡ್ರಿಖ್ ರುಕರ್ಟನು ನಮ್ಮ ನಳದಮಯಂತಿಯರ ಕಥೆಯನ್ನು 1828ರಲ್ಲಿ ತನ್ನ ಭಾಷೆಗೆ ತಂದವನಾದುದರಿಂದ ವಾಚಕರಲ್ಲಿ ಕೆಲವರಿಗೆ ಪರಿಚಿತನಾಗಿರಬಹುದು. ಆತನ ಮಗಳ ಮಗನಾದ ಹಾನ್ಸ್ ಬರ್ಗರನನ್ನು ಬಲ್ಲವರು ವಿರಳ. ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲು ಕಾಗದದ ಮೇಲೆ ಗೆರೆಯಾಗಿ ಮೂಡಿಸಿದವನು ಈ ಮೊಮ್ಮಗನೇ.

ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ತುಂಟೆಂಬುದು ಮುಂಚೆಯೇ ತಿಳಿದಿತ್ತು. 1875ರಲ್ಲಿ ಲಿವರ್‌ಪೂಲಿನ ವೈದ್ಯ ರಿಚರ್ಡ್ ಕೇಟನ್ನನು ಮೊಲ ಕೋತಿಗಳ ಮಿದುಳಿಗೆ ತಂತಿಗಳನ್ನು ತಾಗಿಸಿ, ಗ್ಯಾಲ್ವನಾಮೀಟರಿನ ಕನ್ನಡಿಯಿಂದ ಬಿದ್ದ ಬೆಳಕು ಓಲಾಡುವುದನ್ನು ಕಂಡಿದ್ದನು. ಆದರೆ ಮನುಷ್ಯನ ಬುರುಡೆಯನ್ನು ಅದಕ್ಕಾಗಿ ತೆರೆಯುವುದೆಂತು? ಯೇನಾ ನಗರದ ಮನೋರೋಗ ಚಿಕಿತ್ಸಾಲಯದ ಮುಖ್ಯಸ್ಥನಾಗಿದ್ದ ಬರ್ಗರನು 1924ರಲ್ಲಿ, ಶಸ್ತ್ರಚಿಕಿತ್ಸೆಯಿಂದ ಬುರುಡೆಯ ಎಲುಬನ್ನು ಒಂದೆಡೆ ತೆಗೆಯಲಾಗಿದ್ದ 17 ವರ್ಷದ ರೋಗಿಯೊಬ್ಬನಲ್ಲಿ ಇದನ್ನು ಪರೀಕ್ಷಿಸಿದನು. ಅನಂತರ ತನ್ನ ಮಗನನ್ನೇ ಕೂರಿಸಿ, ಭಿನ್ನವಾಗದ ಬುರುಡೆಯ ಮೇಲಿಂದಲೂ ಗೆರೆಗಳನ್ನು ಪಡೆದನು. ಇವು ಹೃದಯದ್ದೋ, ಸ್ನಾಯುಗಳದ್ದೋ, ಚರ್ಮದ್ದೋ ಎಂಬ ಸಂದೇಹವು ಅವನನ್ನು ಐದು ವರ್ಷ ಕಾಡಿತು. ಸಂದೇಹವು ಯುಕ್ತವೇ ಆಗಿತ್ತು. ಈ ವಿದ್ಯುತ್ತು ಒಂದು ವೋಲ್ಟಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ಐವತ್ತು ಭಾಗದಷ್ಟು ಮಾತ್ರ. ರೆಪ್ಪೆ ಮಿಟುಕಿದರೂ ಅದಕ್ಕಿಂತ ದೊಡ್ಡ ಅಲೆ ಏಳುತ್ತದೆ. ಕಡೆಗೆ 1929ರಲ್ಲಿ ಪ್ರಕಟಿಸಿದನು.

ಕಣ್ಮುಚ್ಚಿ ನೆಮ್ಮದಿಯಿಂದಿರುವವನಲ್ಲಿ ಸೆಕೆಂಡಿಗೆ ಸುಮಾರು 10 ಅಲೆಗಳು ಕಾಣುತ್ತವೆ. ಬರ್ಗರನು ಇವನ್ನು ಆಲ್ಫಾ ಎಂದು ಕರೆದನು. ಕಣ್ತೆರೆದರೆ ಅಥವಾ ಮನಸ್ಸಿನಲ್ಲೇ ಲೆಕ್ಕ ಮಾಡತೊಡಗಿದರೆ ಅವು ಅಡಗುತ್ತವೆ. ಮನಸ್ಸಿನ ಶಕ್ತಿಯನ್ನು ಅಳೆಯಹೊರಟವನಿಗೆ, ಮನಸ್ಸು ಉದ್ಯುಕ್ತವಾದೊಡನೆ ಗೆರೆಯೇ ಸಪ್ಪಗಾದುದು ಎಂತಹ ವಿಪರ್ಯಾಸ! ಕಾರಣವು ಇಷ್ಟೆ. ಸಂತೆಯ ಗದ್ದಲವನ್ನು ಊರ ಹೊರಗೆ ನಿಂತು ಕೇಳುವವನಿಗೆ ಒಬ್ಬೊಬ್ಬರ ಮಾತು ತಿಳಿಯದು. ನೂರಾರು ಜನ ಕೂಡಿ ಭಜನೆ ಮಾಡಿದರೆ ತಾಳವು ಕೇಳಿಸುತ್ತದೆ. ಹಾಗೆಯೇ ಅಸಂಖ್ಯ ಜೀವಕಣಗಳು ಒಟ್ಟಾಗಿ ಮಿಡಿದಾಗಲೇ ಅಲೆಯು ನೆತ್ತಿಯವರೆಗೆ ಬರುತ್ತದೆ. ಆಲೋಚನೆಗಳನ್ನು ಅದರಲ್ಲಿ ಓದುವೆವೆಂಬುದು ಬರಿಯ ಆಸೆ.

1934ರಲ್ಲಿ ಕೇಂಬ್ರಿಜ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸರು ಪ್ರಯೋಗವನ್ನು ಮರಳಿ ಮಾಡಿ ತೋರಿಸಿದ ಮೇಲೆ ಜಗತ್ತು ಬರ್ಗರನನ್ನು ನಂಬಿತು. ಮರುವರ್ಷವೇ ಬಾಸ್ಟನ್ನಿನಲ್ಲಿ ಗಿಬ್ಸ್, ಡೇವಿಸ್, ಲೆನಾಕ್ಸರು, ಅಪಸ್ಮಾರದ ಒಂದು ಬಗೆಯಲ್ಲಿ ರೋಗಿಯು ಕ್ಷಣಕಾಲ ಎಚ್ಚರ ತಪ್ಪಿದಾಗ, ಸೆಕೆಂಡಿಗೆ 3ರಂತೆ ಮೊನೆಯೂ ಅಲೆಯೂ ಜೋಡಿಯಾಗಿ ಬರುವುದನ್ನು ಕಂಡರು. ದೆವ್ವದ ಚೇಷ್ಟೆಯೆಂದೂ ಪೂರ್ವಜನ್ಮದ ಪಾಪವೆಂದೂ ಹಳಿಯಲ್ಪಟ್ಟ ರೋಗವು ಹೀಗೆ ಮಿದುಳಿನ ವಿದ್ಯುತ್ತಿನ ಕ್ಷೋಭೆಯಾಗಿ ಕಣ್ಣಿಗೆ ಬಿದ್ದಿತು. ಆದರೂ ರೋಗವಿರುವವನ ಗೆರೆಯು ಒಮ್ಮೊಮ್ಮೆ ಸಹಜವಾಗಿಯೇ ಇರುವುದುಂಟು. ಮೂರ್ಛೆಯನ್ನು ಕಣ್ಣಾರೆ ಕಂಡವರ ಮಾತನ್ನೂ ಕೂಡಿಸಿಕೊಂಡೇ ವೈದ್ಯರು ಅದನ್ನು ಇಂದಿಗೂ ಓದುತ್ತಾರೆ.

ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು. 1933ರಲ್ಲಿ ನಾಜಿ ಸರಕಾರವು ಕೆಲವು ರೋಗಿಗಳನ್ನು ಬಲಾತ್ಕಾರದಿಂದ ಸಂತಾನಶಕ್ತಿಹೀನರನ್ನಾಗಿಸುವ ಶಾಸನವನ್ನು ತಂದಿತು. ಅದರ ಪಟ್ಟಿಯಲ್ಲಿ ವಂಶಪಾರಂಪರ್ಯದ ಅಪಸ್ಮಾರವೂ ಇತ್ತು. ಇಂತಹ ಮೊಕದ್ದಮೆಗಳ ಮೇಲ್ಮನವಿಗಳನ್ನು ಕೇಳುವ ಯೇನಾದ ನ್ಯಾಯಪೀಠದಲ್ಲಿ ಬರ್ಗರನು ಸದಸ್ಯನಾಗಿ ಕುಳಿತಿದ್ದನು. 1938ರಲ್ಲಿ ನಿವೃತ್ತನಾಗಿ, 1941ರಲ್ಲಿ ವಿಷಣ್ಣನಾಗಿ ಆತ್ಮಹತ್ಯೆ ಮಾಡಿಕೊಂಡನು. ಬಹುಕಾಲ ಅವನನ್ನು ನಾಜಿಗಳಿಂದ ನೊಂದವನೆಂದೇ ಚರಿತ್ರಕಾರರು ಬರೆದರು. ನ್ಯಾಯಪೀಠದ ಸಂಗತಿಯು ಪತ್ರಾಗಾರಗಳಿಂದ ಹೊರಬಿದ್ದುದು ಈಚೆಗೆ.